ಸುರಪುರದ ದಾರಿಯಲ್ಲಿ ದೇವಚರನ ಪ್ರಶ್ನೆ

ಚಳಿಗಾಲವನ್ನು ವಿಶ್ವಾಸಿಯ ವಸಂತವೆಂದು ನಮ್ಮ ಹಿರಿಯರು ಕರೆದಿದ್ದಾರೆ. ರಾತ್ರಿ ದೀರ್ಘವಾಗಿರುವುದರಿಂದ ನಮಾಝಿಗೂ ನಿದ್ದೆಗೂ ಸಮಯ ಸಾಲುತ್ತದೆ. ಹಗಲು ಕಿರಿದಾಗಿರುವುದರಿಂದ ಉಪವಾಸ ಹಗುರವಾಗುತ್ತದೆ. ಬಂಧುಮಿತ್ರರ ಭೇಟಿಗೂ ಇದೇ ತಕ್ಕ ಕಾಲವೆಂದು ನಾವು ಇದಕ್ಕೆ ಸೇರಿಸಲು ಬಯಸುತ್ತೇವೆ. ಅದರಲ್ಲೂ ಕಲ್ಯಾಣ ಕರ್ನಾಟಕದ ಕಡೆಗೆ ಹೊರಟವರಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಬೇಸಿಗೆಯಲ್ಲಿ ಕಾದ ಹಂಚಿನಂತಿರುವ ಆ ನೆಲ ಡಿಸೆಂಬರಿನಲ್ಲಿ ತಂಪಾಗಿ, ಹತ್ತಿಯ ಬಿಳುಪು ಮತ್ತು ಜೋಳದ ಹಸುರಿನಿಂದ ತುಂಬಿ ಅತಿಥಿಯನ್ನು ಬರಮಾಡಿಕೊಳ್ಳುತ್ತದೆ.

ಸ್ನೇಹಿತನ ಭೇಟಿಯ ಕುರಿತು ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ(ರ) ಅವರಿಂದ ವರದಿಯಾದ ಒಂದು ಹದೀಸ್ ಇದೆ. ಒಬ್ಬ ಮನುಷ್ಯ ಬೇರೊಂದು ಊರಿನಲ್ಲಿದ್ದ ತನ್ನ ಸಹೋದರನನ್ನು ಕಾಣಲು ಹೊರಟನು. ಅಲ್ಲಾಹನು ಅವನ ದಾರಿಯಲ್ಲಿ ಒಬ್ಬ ದೇವಚರನನ್ನು ನಿಲ್ಲಿಸಿದನು. ಎಲ್ಲಿಗೆ ಹೊರಟಿರುವೆಯೆಂದು ದೇವಚರನು ಕೇಳಿದನು. ಅವನಿಂದ ನಿನಗೆ ಸಲ್ಲಬೇಕಾದ ಉಪಕಾರವೇನಾದರೂ ಇದೆಯೇ, ಅದನ್ನು ಪಡೆಯಲೆಂದು ಹೋಗುತ್ತಿರುವೆಯಾ ಎಂದೂ ಕೇಳಿದನು. ಇಲ್ಲ, ಅಲ್ಲಾಹನಿಗಾಗಿ ಅವನನ್ನು ಪ್ರೀತಿಸುತ್ತೇನೆ, ಅಷ್ಟೇ ಎಂದು ಆ ಮನುಷ್ಯ ಉತ್ತರಿಸಿದನು. ನೀನು ಅವನನ್ನು ಪ್ರೀತಿಸಿದಂತೆಯೇ ಅಲ್ಲಾಹನು ನಿನ್ನನ್ನು ಪ್ರೀತಿಸಿದ್ದಾನೆಂದು ದೇವಚರನು ಶುಭವಾರ್ತೆ ತಿಳಿಸಿದನು.

ಈ ಹದೀಸನ್ನು ನಾವು ತರಗತಿಯಲ್ಲಿ ಎಷ್ಟೋ ಬಾರಿ ಪಾಠ ಮಾಡಿದ್ದೇವೆ. ಆದರೆ ಕಳೆದ ಚಳಿಗಾಲದಲ್ಲಿ ರೈಲಿನ ಕಿಟಕಿಯ ಪಕ್ಕ ಕುಳಿತಾಗ ಆ ಪ್ರಶ್ನೆ ನಮ್ಮನ್ನೇ ಕೇಳಿದಂತಾಯಿತು, ಮತ್ತು ನಮ್ಮ ಬಳಿ ಉತ್ತರವಿರಲಿಲ್ಲ. ಏಕೆಂದರೆ ನಾವು ಕಾಣಲು ಹೊರಟಿದ್ದ ಗೆಳೆಯ ನಮಗೆ ಅರುವತ್ತು ಸಾವಿರ ರೂಪಾಯಿ ಕೊಡಬೇಕಾಗಿತ್ತು. ನಾವು ಅವನೊಂದಿಗೆ ಮಾತು ಬಿಟ್ಟು ಒಂಬತ್ತು ವರ್ಷಗಳಾಗಿದ್ದವು.

ಆ ಗೆಳೆಯ ಸುರಪುರದವನು. ನಮ್ಮ ಸ್ನೇಹ ಬೆಳೆದದ್ದು ಬೆಂಗಳೂರಿನ ಮದ್ರಸಾವೊಂದರ ವಿದ್ಯಾರ್ಥಿನಿಲಯದಲ್ಲಿ. ಒಂದೇ ಕೋಣೆ, ಒಂದೇ ದೀಪ, ಹಲವು ಬಾರಿ ಒಂದೇ ತಟ್ಟೆ. ಹಳೆಯ ನಿಝಾಮ್ ಸೀಮೆಯಿಂದ ಬಂದ ಅವನಿಗೆ ಉರ್ದು ಮನೆಮಾತಾಗಿತ್ತು. ಆದರೂ ಅವನ ದಿಂಬಿನ ಕೆಳಗೆ ಸದಾ ಒಂದು ಕನ್ನಡ ಪುಸ್ತಕವಿರುತ್ತಿತ್ತು. ನೆರೆಹೊರೆಯವರ ಭಾಷೆಯನ್ನು ಚೆನ್ನಾಗಿ ಅರಿಯದವನು ಅವರಿಗೆ ಏನನ್ನು ತಲುಪಿಸಬಲ್ಲನೆಂದು ಅವನು ಕೇಳುತ್ತಿದ್ದನು. ಮದ್ರಸಾ ಮುಗಿಸಿದ ಮೇಲೆ ನಾವು ಕನ್ನಡದಲ್ಲಿ ಬಿ.ಎ. ಮಾಡಿದ್ದು ಅವನ ಒತ್ತಾಯದಿಂದಲೇ. ಇಂದು ನಾವು ಬರೆಯುವ ಪ್ರತಿಯೊಂದು ವಾಕ್ಯದಲ್ಲಿಯೂ ಅವನ ಪಾಲಿದೆ.

ಅವನು ಊರಿಗೆ ಮರಳಿ ಶಿಕ್ಷಕನಾದನು, ಜೊತೆಗೆ ತಂದೆಯ ಹೊಲವನ್ನೂ ನೋಡಿಕೊಂಡನು. 2014ರಲ್ಲಿ ಕೊಳವೆಬಾವಿ ಕೊರೆಸಲು ನಮ್ಮಿಂದ ಸಾಲ ಪಡೆದನು. ಗೆಳೆಯರ ನಡುವೆ ಕಾಗದಪತ್ರವೇಕೆಂದು ನಾವು ಏನನ್ನೂ ಬರೆಸಿಕೊಳ್ಳಲಿಲ್ಲ. ಕೊಳವೆಬಾವಿಯಲ್ಲಿ ನೀರು ಬೀಳಲಿಲ್ಲ. ಮರುವರ್ಷ, ಎಂದರೆ 2015ರಲ್ಲಿ, ರಾಜ್ಯಕ್ಕೇ ಬರಗಾಲ ಬಂತು. ಒಪ್ಪಿದ ಗಡುವು ಕಳೆಯಿತು. ನಮಗೂ ಆಗ ಮನೆ ಕಟ್ಟಿಸುವ ಆತುರವಿತ್ತು. ಒಂದು ಸಂಜೆ ದೂರವಾಣಿಯಲ್ಲಿ ಅವನು ಇನ್ನೊಂದು ಫಸಲಿನವರೆಗೆ ಸಮಯ ಕೇಳಿದಾಗ, ವಾಗ್ದಾನ ಮುರಿಯುವುದು ಯಾರ ಲಕ್ಷಣವೆಂದು ಮದ್ರಸಾದಲ್ಲಿ ಕಲಿತದ್ದು ಮರೆತುಹೋಯಿತೇ ಎಂದು ನಾವು ಕೇಳಿಬಿಟ್ಟೆವು.

ಓದುಗರು ಬಲ್ಲರು, ವಾಗ್ದಾನ ಮುರಿಯುವುದನ್ನು ಕಪಟವಿಶ್ವಾಸಿಯ ಲಕ್ಷಣಗಳಲ್ಲಿ ಒಂದೆಂದು ಪ್ರವಾದಿ(ಸ) ಎಣಿಸಿದ್ದಾರೆ. ನಾವು ಆ ಪದವನ್ನು ಬಾಯಿಂದ ಆಡಲಿಲ್ಲ, ಆಡುವ ಅಗತ್ಯವಿರಲಿಲ್ಲ. ಒಟ್ಟಿಗೆ ಕುಳಿತು ಆ ಹದೀಸನ್ನು ಕಲಿತ ಇಬ್ಬರ ನಡುವೆ ಅದು ಪೂರ್ತಿಯಾಗಿ ತಲುಪಿತು. ಅತ್ತ ಕಡೆ ಸ್ವಲ್ಪ ಹೊತ್ತು ಮೌನವಿತ್ತು. ಬಳಿಕ ಸಲಾಮ್ ಕೇಳಿಸಿತು, ಕರೆ ನಿಂತಿತು. ಅಲ್ಲಿಂದ ಒಂಬತ್ತು ವರ್ಷ.

ನಮ್ಮನ್ನು ಎಬ್ಬಿಸಿದವನು ಏಳನೇ ತರಗತಿಯ ಒಬ್ಬ ಬಾಲಕ. ಅಲ್‌ಬಕರಃ ಅಧ್ಯಾಯದ 280ನೇ ವಚನವನ್ನು ವಿವರಿಸುತ್ತಿದ್ದೆವು: ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಸಾಲವನ್ನು ದಾನವಾಗಿ ಬಿಟ್ಟುಬಿಟ್ಟರೆ ಇನ್ನೂ ಉತ್ತಮ ಎಂಬುದು ಅದರ ಆಶಯ. ಬಾಲಕ ಕೈಯೆತ್ತಿ, “ಹಝ್ರತ್, ನೀವು ಯಾರಿಗಾದರೂ ಹಾಗೆ ಕೊಟ್ಟಿದ್ದೀರಾ?” ಎಂದು ಕೇಳಿದನು. ಅವನ ಮನಸ್ಸಿನಲ್ಲಿ ಕೊಂಕೇನೂ ಇರಲಿಲ್ಲ. ನಾವು ಪುಟ ತಿರುವಿದೆವು. ಆದರೆ ಆ ರಾತ್ರಿ ಪುಟ ತಿರುಗಲಿಲ್ಲ. ಮನೆಯವರಿಗೆ ವಿಷಯ ತಿಳಿಸಿದಾಗ ಅವರು, “ಹೋಗುವುದಾದರೆ ರೊಕ್ಕದ ಮಾತು ಮನೆಯಲ್ಲೇ ಬಿಟ್ಟು ಹೋಗಿ” ಎಂದರು. ಡಿಸೆಂಬರಿನ ಕೊನೆಯ ವಾರದ ರಜೆಗೆ ಟಿಕೆಟ್ ಮಾಡಿಸಿದೆವು. ಬರುತ್ತಿದ್ದೇವೆಂದು ಗೆಳೆಯನಿಗೆ ಎರಡು ಸಾಲಿನ ಸಂದೇಶ ಕಳುಹಿಸಿದೆವು. “ಬಾ” ಎಂಬ ಒಂದಕ್ಷರದ ಉತ್ತರ ಬಂತು.

ರೈಲಿನ ರಾತ್ರಿಪ್ರಯಾಣದಲ್ಲಿ ಒಂದು ವಿಶ್ರಾಂತಿಯಿದೆ. ದಿನವೆಲ್ಲ ಗಂಟೆಯ ಸದ್ದಿಗೆ ಓಡುವ ಶಿಕ್ಷಕನಿಗೆ ಅಲ್ಲಿ ಮಾಡಬೇಕಾದದ್ದು ಏನೂ ಇರುವುದಿಲ್ಲ. ಮಗ್ರಿಬ್ ಮತ್ತು ಇಶಾ ನಮಾಝನ್ನು ಹೊರಡುವ ಮುನ್ನವೇ ಮುಗಿಸಿದ್ದೆವು. ಎದುರಿನ ಆಸನದಲ್ಲಿ ಕಲಬುರಗಿಗೆ ಹೊರಟಿದ್ದ ವೃದ್ಧ ದಂಪತಿ ಇದ್ದರು. ಅವರು ಬುತ್ತಿ ಬಿಚ್ಚಿ ಜೋಳದ ರೊಟ್ಟಿಯೂ ಶೇಂಗಾ ಹಿಂಡಿಯೂ ಕೊಟ್ಟರು. ನಾವು ಮನೆಯವರು ಕಟ್ಟಿಕೊಟ್ಟ ಚಪಾತಿಯನ್ನು ಕೊಟ್ಟೆವು. ಹಿಂದೂಪುರ ದಾಟುವ ಹೊತ್ತಿಗೆ ಎಲ್ಲರೂ ಹೊದ್ದು ಮಲಗಿದರು. ಆಂಧ್ರದ ಧರ್ಮಾವರ, ಅನಂತಪುರ, ಗುಂತಕಲ್ಲುಗಳ ದೀಪಗಳು ಕಿಟಕಿಯಲ್ಲಿ ಬಂದು ಹೋದವು.

ನಮಗೆ ನಿದ್ದೆ ಹತ್ತಲಿಲ್ಲ. ಸಹೋದರನೊಂದಿಗೆ ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಡುವುದು ಸಮ್ಮತವಲ್ಲವೆಂಬ ಹದೀಸ್ ಮೊದಲು ನೆನಪಾಯಿತು. ಅದರ ಬೆನ್ನಿಗೇ ಇನ್ನೊಂದು. ಸೋಮವಾರ ಮತ್ತು ಗುರುವಾರಗಳಂದು ಸ್ವರ್ಗದ ಬಾಗಿಲುಗಳು ತೆರೆಯಲ್ಪಡುತ್ತವೆ. ಅಲ್ಲಾಹನಿಗೆ ಸಹಭಾಗಿಗಳನ್ನು ಮಾಡದ ಪ್ರತಿಯೊಬ್ಬ ದಾಸನಿಗೂ ಕ್ಷಮೆ ದೊರೆಯುತ್ತದೆ. ಆದರೆ ಪರಸ್ಪರ ಹಗೆತನವಿರುವ ಇಬ್ಬರ ವಿಷಯವನ್ನು ಮಾತ್ರ ಅವರು ರಾಜಿಯಾಗುವವರೆಗೆ ಮುಂದೂಡಲಾಗುತ್ತದೆ. ಇದೂ ಸಹೀಹ್ ಮುಸ್ಲಿಮ್‌ನದೇ. ಕತ್ತಲಲ್ಲಿ ಮಲಗಿ ಲೆಕ್ಕ ಹಾಕಿದೆವು. ಒಂಬತ್ತು ವರ್ಷಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಸೋಮವಾರ, ಗುರುವಾರಗಳು. ಅರುವತ್ತು ಸಾವಿರ ರೂಪಾಯಿಯ ಲೆಕ್ಕವನ್ನು ನಾವು ಮರೆತಿರಲಿಲ್ಲ. ಈ ಲೆಕ್ಕವನ್ನು ಒಮ್ಮೆಯೂ ಮಾಡಿರಲಿಲ್ಲ. ಸಾಲವನ್ನು ಸಂಪೂರ್ಣವಾಗಿ ಮನ್ನಾ ಮಾಡುತ್ತೇವೆಂದು ಅಲ್ಲಿಯೇ ನಿರ್ಧರಿಸಿದೆವು. ನಿರ್ಧರಿಸಿದೊಡನೆ ಮನಸ್ಸು ಹಗುರವಾಯಿತು. ನಿಜ ಹೇಳಬೇಕೆಂದರೆ, ಸ್ವಲ್ಪ ಹೆಮ್ಮೆಯೂ ಆಯಿತು.

ರಾಯಚೂರಿನಲ್ಲಿ ರೈಲು ನಿಂತಾಗ ಫಜ್ರ್‌ನ ಹೊತ್ತು. ತಣ್ಣೀರಿನಲ್ಲಿ ವುಝೂ ಮಾಡಿದೆವು. ರೈಲು ಉತ್ತರಕ್ಕೆ ಓಡುವುದರಿಂದ ಕಿಬ್ಲಾ ನಮ್ಮ ಎಡಕ್ಕಿತ್ತು; ಬೋಗಿಯ ಬಾಗಿಲ ಬಳಿಯ ಕಿರುಜಾಗದಲ್ಲಿ ಎರಡು ರಕಅತ್ ಪೂರೈಸಿದೆವು. ತುಂಗಭದ್ರೆಯನ್ನು ಕತ್ತಲಲ್ಲಿ ದಾಟಿದ್ದೆವು. ಕೃಷ್ಣೆಯನ್ನು ದಾಟುವಾಗ ಬೆಳಕು ಹರಿಯುತ್ತಿತ್ತು. ಚಳಿಗಾಲದ ಕೃಷ್ಣೆ ಬಂಡೆಗಳ ನಡುವೆ ಹಲವು ಸೀಳುಗಳಾಗಿ, ಮೇಲೆ ತೆಳುವಾದ ಮಂಜನ್ನು ಹೊದ್ದು ಹರಿಯುತ್ತಿದ್ದಳು. ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದರಾಸಿನ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿಕೊಂಡದ್ದು ಇದೇ ರಾಯಚೂರಿನಲ್ಲಿ. ಎರಡು ಕಡೆಯಿಂದ ಹಾಸುತ್ತ ಬಂದವರು ಒಂದು ಕಡೆ ಸೇರಲು ಮನಸ್ಸು ಮಾಡಿದ್ದರಿಂದಲೇ ಅಲ್ಲವೇ ನಾವು ಇಂದು ದಾಟುತ್ತಿರುವುದು ಎಂದು ಆ ಬೆಳಗಿನಲ್ಲಿ ಅನ್ನಿಸಿತು.

ಸೈದಾಪುರ ಕಳೆದು ಯಾದಗಿರಿ ಬಂತು. ಊರಿನ ಮೇಲೆ ಬಂಡೆಗಲ್ಲಿನ ಗುಡ್ಡ, ಗುಡ್ಡದ ಮೇಲೆ ಕೋಟೆ. ಗುಡಿ, ಮಸೀದಿ, ಜೈನ ತೀರ್ಥಂಕರರ ಶಿಲ್ಪ ಎಲ್ಲವೂ ಇರುವ ಗುಡ್ಡ ಅದು. ಯಾದವರ ಗಿರಿಯೇ ಯಾದಗಿರಿಯಾಯಿತೆಂದು ಹೇಳುತ್ತಾರೆ. ಆದರೆ ನಮ್ಮ ಜನ ಉರ್ದುವಿನಲ್ಲಿ ‘ಯಾದ್‌ಗೀರ್’ ಎನ್ನುವಾಗ ‘ಯಾದ್’ ಎಂಬ ನೆನಪಿನ ಶಬ್ದ ಕಿವಿಗೆ ಬೀಳದೆ ಇರುವುದಿಲ್ಲ. ವಿದ್ಯಾರ್ಥಿನಿಲಯದಲ್ಲಿ ಗೆಳೆಯ ಈ ಶ್ಲೇಷೆಯನ್ನು ಆಡಿ ನಗುತ್ತಿದ್ದನು. ನಿಲ್ದಾಣದ ಹೊರಗೆ ಒಗ್ಗರಣೆ, ಮಿರ್ಚಿ ಮತ್ತು ಚಹಾ ಸೇವಿಸಿ ಶಹಾಪುರದ ಬಸ್ಸು ಹತ್ತಿದೆವು.

ಊರು ದಾಟುತ್ತಿದ್ದಂತೆ ಭೀಮಾ ನದಿಯ ಸೇತುವೆ. ಆಚೆಗೆ ಕೃಷ್ಣಾ ಭೀಮೆಯರ ನಡುವಿನ ನಾಡು. ತೊಗರಿ, ಹತ್ತಿಗಳ ಹೊಲಗಳು ಕಳೆದು ಶಹಾಪುರ ಸಮೀಪಿಸಿದಾಗ ಬುದ್ಧನು ಮಲಗಿದಂತೆ ಕಾಣುವ ಪ್ರಸಿದ್ಧ ಗುಡ್ಡಸಾಲು ಎದುರಾಯಿತು. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಆದರೆ ರಸ್ತೆ ತಿರುಗಿ ಬಸ್ಸು ಹತ್ತಿರವಾದಾಗ ಅವು ಬೇರೆ ಬೇರೆ ಬಂಡೆಗಳಷ್ಟೇ. ದೂರದಲ್ಲಿ ನಿಂತು ಒಬ್ಬ ಮನುಷ್ಯನ ಚಿತ್ರವನ್ನು ನಾವು ಪೂರ್ತಿ ಮಾಡಿಕೊಂಡುಬಿಡುತ್ತೇವೆ. ಸಮೀಪ ಹೋದಾಗಲೇ ಅದು ನಮ್ಮ ಕಣ್ಣಿನ ಕೆಲಸವೆಂದು ತಿಳಿಯುವುದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಬಳಿಕ ಈ ಸೀಮೆಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾಗಿವೆ. ಕಾಲುವೆಯ ನೀರು ತಲುಪದ ಹೊಲಗಳೂ ಅವುಗಳ ಪಕ್ಕದಲ್ಲಿಯೇ ಇವೆ. ಗೆಳೆಯನ ಹೊಲ ಎರಡನೆಯ ಬಗೆಯದು. ಫೋನಿನಲ್ಲಿ ಅವನು ಹೇಳಿದಾಗ ನಮಗೆ ಇದು ಅರ್ಥವಾಗಿರಲಿಲ್ಲ. ಕಿಟಕಿಯಿಂದ ಕಂಡಾಗ ಅರ್ಥವಾಯಿತು.

ಸುರಪುರವೂ ಗುಡ್ಡಗಳ ಊರೇ. ಬೇಡ ನಾಯಕರ ಸಂಸ್ಥಾನದ ರಾಜಧಾನಿಯಾಗಿದ್ದ ಊರು. 1842ರಿಂದ 1853ರವರೆಗೆ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಗುಡ್ಡದ ಮೇಲಿದೆ. ಬಾಲಕ ರಾಜ ವೆಂಕಟಪ್ಪ ನಾಯಕರು ಟೇಲರನನ್ನು ‘ಅಪ್ಪ’ ಎಂದು ಕರೆಯುತ್ತಿದ್ದರೆಂದು ಆತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದೇ ರಾಜ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾಗಿ, 1858ರಲ್ಲಿ ಗುಂಡೇಟಿನಿಂದ ಎಳೆಯ ವಯಸ್ಸಿನಲ್ಲಿಯೇ ಪ್ರಾಣ ಬಿಟ್ಟರು. ಕಾಲ ಯಾರಿಗೂ ಕಾಯುವುದಿಲ್ಲ. ಆಡಬೇಕಾದ ಮಾತು ಉಳಿದುಹೋದರೆ ಅದು ಉಳಿದೇ ಹೋಗುತ್ತದೆ.

ಗೆಳೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದನು. ಗಡ್ಡ ಮುಕ್ಕಾಲು ನೆರೆತಿತ್ತು. ಸಲಾಮ್ ಹೇಳುವುದರಲ್ಲಿ ನಾವು ಮುಂದಾಗಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆವು. ಮಾತು ಬಿಟ್ಟ ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೆ ನಾವು ಮೆಟ್ಟಿಲು ಇಳಿಯುವ ಮೊದಲೇ ಅವನ ಸಲಾಮ್ ತಲುಪಿತು. “ಭಾಳ ತಡಾ ಮಾಡಿದಿ ಭಾಯಿ” ಎಂದನು. ಬಸ್ಸಿನ ಕುರಿತು ಹೇಳಿದನೋ ಒಂಬತ್ತು ವರ್ಷಗಳ ಕುರಿತು ಹೇಳಿದನೋ ನಾವು ಕೇಳಲಿಲ್ಲ.

ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ, ರಾತ್ರಿ ಬಗಾರಾ ಅನ್ನ, ದಾಲ್ಚಾ. ನಾವು ಕಂಡಾಗ ತೊಟ್ಟಿಲಲ್ಲಿದ್ದ ಮಗಳು ಈಗ ಪಿ.ಯು.ಸಿ. ಓದುತ್ತಿದ್ದಾಳೆ, ‘ಚಾಚಾ’ ಎಂದು ಕರೆದು ಬಡಿಸಿದಳು. ಇಶಾ ಮುಗಿಸಿ ಬಂದು ಇಬ್ಬರೇ ಕುಳಿತಾಗ ನಾವು ಸಿದ್ಧಪಡಿಸಿಕೊಂಡಿದ್ದ ಮಾತನ್ನು ತೆಗೆದೆವು: ಆ ಹಣದ ವಿಷಯವನ್ನು ನಾವು ಅಲ್ಲಾಹನಿಗಾಗಿ ಬಿಟ್ಟಿದ್ದೇವೆ, ನೀನೂ ಮರೆತುಬಿಡು.

ಗೆಳೆಯ ಎದ್ದು ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದನು. ಐನೂರರ ನೂರಿಪ್ಪತ್ತು ನೋಟುಗಳು. ಜೊತೆಗೆ ನಾಲ್ಕಾಗಿ ಮಡಿಚಿದ ಒಂದು ಹಳೆಯ ಕಾಗದ. ಸಾಲದ ಮೊತ್ತ, ದಿನಾಂಕ, ನಮ್ಮ ಹೆಸರು, ತಾನು ಸತ್ತರೆ ಮೊದಲು ಇದನ್ನು ತೀರಿಸಬೇಕೆಂಬ ಮಾತು. ಕೆಳಗೆ ಅವನ ಅಣ್ಣ ಮತ್ತು ಭಾವಮೈದುನನ ಸಾಕ್ಷಿಯ ಸಹಿ. ಎಲ್ಲವೂ ಅವನ ದುಂಡನೆಯ ಕನ್ನಡ ಅಕ್ಷರಗಳಲ್ಲಿ. ದಿನಾಂಕ ಸಾಲ ಪಡೆದ ವಾರದ್ದೇ. ಕುರ್‌ಆನಿನ ಅತ್ಯಂತ ದೀರ್ಘ ವಚನ, ಅಲ್‌ಬಕರಃ 282, ಸಾಲವನ್ನು ಬರೆದಿಡಬೇಕೆಂದು ಆದೇಶಿಸುವ ವಚನ. ಪಾಠ ಹೇಳುವ ನಾವು ಅದನ್ನು ಪಾಲಿಸಿರಲಿಲ್ಲ. ನಾವು ಯಾರ ವಿಶ್ವಾಸವನ್ನು ಶಂಕಿಸಿದ್ದೆವೋ ಅವನು ಪಾಲಿಸಿದ್ದನು.

“ರೊಕ್ಕ ಮೂರು ವರ್ಷದಿಂದ ತಯಾರದ” ಎಂದನು. ಹಾಗಾದರೆ ಕಳುಹಿಸಲಿಲ್ಲವೇಕೆಂದು ಕೇಳಿದೆವು. “ಬ್ಯಾಂಕಿನ್ಯಾಗ ಹಾಕಿದ್ರ ಲೆಕ್ಕ ಮುಗೀತಿತ್ತು. ಲೆಕ್ಕ ಮುಗದ ಮ್ಯಾಲ ನೀ ಬರ್ತಿದ್ದಿಲ್ಲ. ಕೈಯಾಗ ಕೊಡಬೇಕಂತ ಇಟ್ಟೆ. ತಪ್ಪು ಮಾಡೀನಿ, ಇದ್ದಾಗ ತಡಾ ಮಾಡಬಾರದಿತ್ತು, ಮಾಫ್ ಮಾಡು.”

ಮನ್ನಾ ಮಾಡಿದ್ದೇವೆಂದು ನಾವು ಮತ್ತೊಮ್ಮೆ ಹೇಳಿದೆವು. ಅವನು ತಲೆಯಲ್ಲಾಡಿಸಿದನು. “ಮನ್ನಾ ಇಕ್ಕಟ್ಟಿನ್ಯಾಗ ಇದ್ದವಗ. ನಾ ಈಗ ಇಕ್ಕಟ್ಟಿನ್ಯಾಗ ಇಲ್ಲ. ಸಾಲ ಹೊತ್ತವನ ಜನಾಝಾ ನಮಾಝಿಗೆ ಹುಜೂರ್(ಸ) ನಿಲ್ಲಲಿಲ್ಲ ಅನ್ನೋದು ನಾವಿಬ್ರೂ ಕೂಡಿ ಓದಿದ್ದಲ್ಲೇನು? ನನ್ನ ಹೆಗಲು ಹಗುರ ಮಾಡು.” ಅಬೂ ಕತಾದಾ(ರ) ಆ ಸಾಲವನ್ನು ತಾವು ವಹಿಸಿಕೊಂಡ ಮೇಲೆಯೇ ಪ್ರವಾದಿ(ಸ) ನಮಾಝ್ ನಿರ್ವಹಿಸಿದ ಪ್ರಸಂಗವದು. ನಮಗೆ ಮಾತು ಹೊರಡಲಿಲ್ಲ. ರೈಲಿನಲ್ಲಿ ಕ್ಷಮಿಸುವವನ ಹೆಮ್ಮೆಯನ್ನು ಕಟ್ಟಿಕೊಂಡು ಬಂದಿದ್ದೆವು. ಈಗ ಹಣವನ್ನು ಸ್ವೀಕರಿಸಬೇಕಾದರೆ ಆ ಹೆಮ್ಮೆಯನ್ನೇ ಬಿಟ್ಟುಕೊಡಬೇಕಾಗಿತ್ತು. ಅರುವತ್ತು ಸಾವಿರ ಬಿಡುವುದಕ್ಕಿಂತ ಅದು ಕಷ್ಟವಾಯಿತು. ಕೊನೆಗೆ ಚೀಲವನ್ನು ತೆಗೆದುಕೊಂಡೆವು. ಕಾಗದದ ಮೇಲೆ ‘ಪೂರ್ತಿ ಸಂದಿದೆ’ ಎಂದು ಬರೆದು ಸಹಿ ಮಾಡಿದೆವು.

ಆಮೇಲೆ ಉಳಿದದ್ದು ನಮ್ಮ ಸಾಲ. ಅದಕ್ಕೆ ಕಾಗದವಿರಲಿಲ್ಲ, ಸಾಕ್ಷಿಗಳಿರಲಿಲ್ಲ. ಆದರೆ ಅವನು ಅಕ್ಷರಶಃ ನೆನಪಿಟ್ಟಿದ್ದನು. ಅಂದು ಫೋನಿನಲ್ಲಿ ಆಡಿದ ಮಾತಿಗಾಗಿ ಕ್ಷಮೆ ಕೇಳಿದೆವು. ಪ್ರವಾದಿ(ಸ)ಯವರ ಮಾತನ್ನು ಕಲ್ಲಿನಂತೆ ಎತ್ತಿ ನಿನ್ನ ಮೇಲೆ ಎಸೆದೆವು, ಬಡತನವನ್ನು ಕಪಟವೆಂದು ಕರೆದೆವು ಎಂದು ಒಪ್ಪಿಕೊಂಡೆವು. ಗೆಳೆಯ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಆ ಮಾತು ಖರೇನೋ ಏನೋ ಅಂತ ಎಷ್ಟೋ ರಾತ್ರಿ ನನ್ನ ನಾನೇ ಕೇಳ್ಕೊಂಡೀನಿ ಭಾಯಿ. ಮಾಫ್ ಮಾಡೀನಿ. ಆದ್ರ ಇನ್ಯಾರಿಗೂ ಹಂಗ ಅನ್ನಬ್ಯಾಡ” ಎಂದನು. ಒಬ್ಬ ವಿಶ್ವಾಸಿ ತನ್ನ ವಿಶ್ವಾಸವನ್ನೇ ಶಂಕಿಸುತ್ತ ರಾತ್ರಿಗಳನ್ನು ಕಳೆಯುವಂತೆ ನಾವು ಮಾಡಿದ್ದೆವು. ಇದನ್ನು ಬರೆಯುವಾಗಲೂ ನಮ್ಮ ಕೈ ತಡೆಯುತ್ತದೆ. ಆದರೂ ಬರೆಯುತ್ತೇವೆ, ಏಕೆಂದರೆ ಧರ್ಮ ಕಲಿತವರ ನಾಲಗೆಯಿಂದ ಆಗುವ ಗಾಯ ಇತರರ ನಾಲಗೆಯಿಂದ ಆಗುವುದಕ್ಕಿಂತ ಆಳವಾದದ್ದು.

ಮರುದಿನ ಮುಂಜಾನೆ ಹೊಲಕ್ಕೆ ಹೋದೆವು. ಎಳ್ಳಮಾವಾಸ್ಯೆ ಸಮೀಪಿಸಿತ್ತು. ಪಕ್ಕದ ಹೊಲದ ರೈತ ಕುಳ್ಳಿನ ಬೆಂಕಿಯಲ್ಲಿ ಎಳೆಯ ಜೋಳದ ತೆನೆ ಸುಟ್ಟು, ಕೈಯಲ್ಲಿ ಉಜ್ಜಿ ಬಿಸಿಬಿಸಿ ಸೀತನಿ ಕೊಟ್ಟನು. ಚಳಿಗೆ ಅಂಗೈ ಚಾಚಿ ಮೂವರೂ ಬೆಂಕಿಯ ಸುತ್ತ ಕುಳಿತೆವು. ನೀರು ಬೀಳದ ಆ ಕೊಳವೆಬಾವಿಯ ಮೇಲೆ ಒಂದು ಕಲ್ಲು ಮುಚ್ಚಿತ್ತು. ಬರದ ವರ್ಷ ತನಗೆ ಎರಡು ಚೀಲ ಜೋಳ ಕೊಟ್ಟವನು ಇವನೇ ಎಂದು ಗೆಳೆಯ ಆ ರೈತನನ್ನು ತೋರಿಸಿದನು. ನಾವು ಕಾಲಾವಕಾಶವನ್ನೂ ಕೊಡದ ವರ್ಷ ಅದು. ಸೀತನಿ ಸಿಹಿಯಾಗಿತ್ತು, ನಮಗೆ ತುಸು ಹೊತ್ತು ನುಂಗಲಾಗಲಿಲ್ಲ.

ಮರಳುವ ರೈಲು ಯಾದಗಿರಿಯಿಂದ ಹೊರಟಾಗ ಗೆಳೆಯ ಕಿಟಕಿಯ ಜೊತೆಗೆ ನಾಲ್ಕು ಹೆಜ್ಜೆ ನಡೆದನು. ಕೈಯಲ್ಲಿ ಕಟಕ ರೊಟ್ಟಿಯ ಗಂಟು ಇಟ್ಟನು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಪ್ರಿಯ ಓದುಗರೇ, ನಮ್ಮ ತಪ್ಪಿನಿಂದ ಮೂರು ವಿಷಯಗಳನ್ನು ಎತ್ತಿಕೊಳ್ಳಿರಿ. ಸಾಲ ಕೊಟ್ಟರೆ, ಅದು ಗೆಳೆಯನಿಗೇ ಆಗಿರಲಿ, ಸಹೋದರನಿಗೇ ಆಗಿರಲಿ, ಬರೆದಿಡಿರಿ. ಅದು ಅಪನಂಬಿಕೆಯಲ್ಲ, ಅಲ್ಲಾಹನ ಆಜ್ಞೆ. ಸಾಲಗಾರನು ಸಮಯ ಕೇಳಿದರೆ ಅವನ ಹೊಲವನ್ನೊಮ್ಮೆ ನೋಡಿ ಬಂದು ಉತ್ತರಿಸಿರಿ. ಮಾತು ಬಿಟ್ಟವರಿದ್ದರೆ ಮುಂದಿನ ಗುರುವಾರಕ್ಕೆ ಮೊದಲೇ ಒಂದು ಸಲಾಮ್ ತಲುಪಿಸಿರಿ.

ಬರುವ ಶಅಬಾನಿನಲ್ಲಿ ಗೆಳೆಯ ನಮ್ಮ ಮನೆಗೆ ಬರುವವನಿದ್ದಾನೆ. ಮುಂದಿನ ಚಳಿಗಾಲಕ್ಕೆ ನಾವು ಮತ್ತೆ ಸುರಪುರಕ್ಕೆ ಹೋಗುತ್ತೇವೆ, ಇನ್‌ಶಾ ಅಲ್ಲಾಹ್. ಅವನಿಂದ ನಮಗೆ ಬರಬೇಕಾದದ್ದು ಈಗ ಏನೂ ಉಳಿದಿಲ್ಲ. ದಾರಿಯಲ್ಲಿ ಆ ಪ್ರಶ್ನೆ ಎದುರಾದರೆ ಈ ಬಾರಿ ನಮ್ಮ ಬಳಿ ಉತ್ತರವಿರುತ್ತದೆ. ಮುರಿದ ಹೃದಯಗಳನ್ನು ಅಲ್ಲಾಹನು ಜೋಡಿಸಲಿ, ನಮ್ಮ ನಾಲಗೆಗಳನ್ನು ಕಾಪಾಡಲಿ, ಸಾಲದ ಹೊರೆ ಹೊತ್ತ ಪ್ರತಿಯೊಬ್ಬನಿಗೂ ದಾರಿ ತೆರೆಯಲಿ. ಆಮೀನ್.